‘ಫೀಲ್ ಬರಲ್ಲ’ ಅನ್ನುವ ಮಾತಿನ ಹಿಂದಿನ ಭಯ

ಪ್ರಶ್ನೆ: ನನಗೆ 32 ವರ್ಷ. ಒಂದೂವರೆ ವರ್ಷದಿಂದ ಒಬ್ಬಳ ಜೊತೆ ಸಂಬಂಧದಲ್ಲಿದ್ದೇನೆ. ಅದಕ್ಕೂ ಮೊದಲು ಬೇರೆಯವರ ಜೊತೆ ಲೈಂಗಿಕ ಸಂಪರ್ಕ ಇತ್ತು. ಕಾಂಡೋಮ್ ಹಾಕಿಕೊಳ್ಳಲು ಹೋದಾಗೆಲ್ಲ ನಿಮಿರುವಿಕೆ ಇಳಿದುಬಿಡುತ್ತದೆ. ಆ ಅವಮಾನ ತಪ್ಪಿಸಿಕೊಳ್ಳಲು ‘ಫೀಲ್ ಬರಲ್ಲ’ ಅಂತ ಹೇಳುತ್ತೇನೆ. ಅವಳು ಒತ್ತಾಯಿಸಿದರೆ ‘ನನ್ನ ಮೇಲೆ ನಂಬಿಕೆ ಇಲ್ವಾ?’ ಎಂದು ಬಾಯಿ ಮುಚ್ಚಿಸುತ್ತೇನೆ. ಗೆಳೆಯರ ನಡುವೆಯೂ ಕಾಂಡೋಮ್ ಬಳಸುವವನು ಗಂಡಸೇ ಅಲ್ಲ ಎಂಬಂಥ ಮಾತು. ಇಬ್ಬರೂ ಲೈಂಗಿಕ ಸೋಂಕಿನ ಪರೀಕ್ಷೆ ಮಾಡಿಸಿಕೊಳ್ಳೋಣ ಅಂತ ಅವಳು ಹೇಳಿ ಎರಡು ತಿಂಗಳಾಯಿತು, ನಾನಿನ್ನೂ ಹೋಗಿಲ್ಲ. ತೊಂದರೆ ಇರುವುದು ನನ್ನ ದೇಹದಲ್ಲೋ, ತಲೆಯಲ್ಲೋ?

ಉತ್ತರ: ನಿಮ್ಮ ಪತ್ರದ ಒಂದು ಸಾಲಿನಲ್ಲಿ ಮುಚ್ಚುಮರೆ ಇಲ್ಲ: ‘ಆ ಅವಮಾನ ತಪ್ಪಿಸಿಕೊಳ್ಳಲು ಫೀಲ್ ಬರಲ್ಲ ಅಂತ ಹೇಳುತ್ತೇನೆ.’ ಇಷ್ಟನ್ನು ತಮಗೆ ತಾವೇ ಒಪ್ಪಿಕೊಳ್ಳುವ ಗಂಡಸರು ಕಡಿಮೆ. ಜಟ್ಟಿ ಜಾರಿಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರಲ್ಲ, ಈ ‘ಫೀಲ್ ಬರಲ್ಲ’ ಬಹಳ ಸಲ ಆ ಮೀಸೆಯನ್ನು ಕಾಯುವ ಮಾತು. ಸ್ಪರ್ಶದಲ್ಲಿ ಒಂದಿಷ್ಟು ವ್ಯತ್ಯಾಸ ಆಗುವುದು ನಿಜವೇ. ಆದರೆ ಅದೊಂದೇ ಕಾರಣವಾಗಿದ್ದರೆ ನೀವು ಇಷ್ಟು ಹೊತ್ತಿಗೆ ಬೇರೆ ಅಳತೆಯದ್ದೋ ತೆಳುವಾದದ್ದೋ ಹುಡುಕಿರುತ್ತಿದ್ದಿರಿ, ಪರೀಕ್ಷೆಯನ್ನು ಎರಡು ತಿಂಗಳು ಮುಂದೂಡುತ್ತಿರಲಿಲ್ಲ. ಪರೀಕ್ಷೆಗೆ ರಕ್ತ ಕೊಡುವುದಕ್ಕೂ ಸ್ಪರ್ಶಸುಖಕ್ಕೂ ಏನು ಸಂಬಂಧ? ಎರಡರ ಹಿಂದೆಯೂ ಇರುವುದು ಒಂದೇ: ‘ಗಂಡಸು ಅಂದರೆ ಹೀಗಿರಬೇಕು’ ಎಂಬ ಕಟ್ಟಳೆ, ಮತ್ತು ಅದರಲ್ಲಿ ತಾನು ಸೋತುಬಿಟ್ಟೆನೇನೋ ಎಂಬ ಭಯ.

ಈ ಕಟ್ಟಳೆಯನ್ನು ಯಾರೂ ಕೂರಿಸಿಕೊಂಡು ಕಲಿಸುವುದಿಲ್ಲ. ಹುಡುಗರ ಗುಂಪಿನ ಹಾಸ್ಯದಲ್ಲಿ, ಮನೆಯ ಮೌನದಲ್ಲಿ, ಮೊಬೈಲಿನಲ್ಲಿ ನೋಡುವ ನೀಲಿಚಿತ್ರಗಳಲ್ಲಿ ಅದು ತಾನಾಗಿಯೇ ಮೈಗೂಡುತ್ತದೆ. ಗಂಡಸಿಗೆ ಎಲ್ಲ ಗೊತ್ತಿರಬೇಕು. ಹಾಗಾಗಿ ಕಾಂಡೋಮ್ ಹಾಕುವುದು ಹೇಗೆಂದು ಅವನು ಯಾರನ್ನೂ ಕೇಳುವುದಿಲ್ಲ, ಕತ್ತಲಲ್ಲಿ ಅಂದಾಜಿನ ಮೇಲೆ ಹಾಕುತ್ತಾನೆ. ಗಂಡಸು ಯಾವಾಗಲೂ ಸಿದ್ಧವಾಗಿರಬೇಕು. ಹಾಗಾಗಿ ನಡುವೆ ಅರ್ಧ ನಿಮಿಷ ನಿಲ್ಲಬೇಕಾಗಿ ಬಂದರೆ ಅದೇ ಸೋಲಾಗಿ ಕಾಣುತ್ತದೆ. ಗಂಡಸು ಹೆದರಬಾರದು, ಸೋಂಕಿನ ಬಗ್ಗೆ ಯೋಚಿಸುವುದೇ ಪುಕ್ಕಲುತನ. ಬಸಿರು ನಿಲ್ಲದಂತೆ ನೋಡಿಕೊಳ್ಳುವುದು ಹೆಣ್ಣಿನ ಕೆಲಸ. ಇವಕ್ಕಿಂತ ಆಳದಲ್ಲಿ ಇನ್ನೊಂದಿದೆ: ಹೆಣ್ಣೊಬ್ಬಳು ಬಸುರಾದರೆ ಗಂಡಸುತನ ರುಜುವಾತಾಯಿತು ಎಂಬ ನಂಬಿಕೆ. ಬಾಯಿಬಿಟ್ಟು ಹೇಳುವವರು ಕಡಿಮೆ, ಒಳಗೊಳಗೇ ನಂಬುವವರು ಬಹಳ.

ಇದು ಬರೀ ಊಹೆಯಲ್ಲ. ಅಮೆರಿಕದಲ್ಲಿ 15ರಿಂದ 19 ವರ್ಷದ ಹುಡುಗರ ರಾಷ್ಟ್ರಮಟ್ಟದ ಸಮೀಕ್ಷೆಯನ್ನು ಆಧರಿಸಿ 1993ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಗಂಡಸು ಗಟ್ಟಿಯಾಗಿರಬೇಕು, ಗೌರವ ಗಿಟ್ಟಿಸಿಕೊಳ್ಳಬೇಕು ಎಂಬಂಥ ಮಾತುಗಳನ್ನು ಹೆಚ್ಚು ಒಪ್ಪಿದ ಹುಡುಗರಿಗೆ ಸಂಗಾತಿಗಳ ಸಂಖ್ಯೆ ಹೆಚ್ಚಿತ್ತು, ಕಾಂಡೋಮಿನ ಬಳಕೆ ಕಡಿಮೆ ಇತ್ತು, ಬಸಿರು ತಡೆಯುವುದು ತನ್ನ ಹೊಣೆಯೂ ಹೌದು ಎಂಬ ಭಾವನೆಯೂ ಕಡಿಮೆ ಇತ್ತು. ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ಗಂಡು ಹೆಣ್ಣಿನ ಸಂಬಂಧವೇ ಒಂದು ಪೈಪೋಟಿ ಎಂದು ಇವರು ಹೆಚ್ಚಾಗಿ ಭಾವಿಸಿದ್ದರು. ನೀವು ಪ್ರಶ್ನೆ ಕೇಳಿ ಅವಳ ಬಾಯಿ ಮುಚ್ಚಿಸುವ ಆ ಕ್ಷಣ ಇದೇ ಪೈಪೋಟಿಯದ್ದು. ಅವಳು ಕೇಳಿದ್ದು ರಕ್ಷಣೆ, ನೀವು ಕೊಟ್ಟದ್ದು ಆರೋಪ.

ಈಗ ದೇಹದ ಮಾತು. ನಿಮಿರುವಿಕೆ ಉಂಟಾಗುವುದು ಶಿಶ್ನದೊಳಗಿನ ರಕ್ತನಾಳಗಳೂ ಸ್ಪಂಜಿನಂಥ ಅಂಗಾಂಶವೂ ಸಡಿಲವಾಗಿ ರಕ್ತ ತುಂಬಿಕೊಂಡಾಗ. ಸಡಿಲವಾಗಲು ಮನಸ್ಸು ನಿರಾಳವಾಗಿರಬೇಕು. ಆತಂಕವಾದ ಕೂಡಲೇ ಅಡ್ರಿನಲಿನ್ ಏರುತ್ತದೆ, ನಾಳಗಳು ಬಿಗಿಯುತ್ತವೆ, ರಕ್ತ ಹಿಂದಿರುಗುತ್ತದೆ. ಇದಕ್ಕೆ ಕೆಲವೇ ಸೆಕೆಂಡು ಸಾಕು. ನಿಮಗೆ ಆಗುತ್ತಿರುವುದನ್ನು ನಿಧಾನಗತಿಯಲ್ಲಿ ನೋಡೋಣ. ಅಪ್ಪುಗೆ ಬಿಟ್ಟು ಪ್ಯಾಕೆಟ್ ಹುಡುಕುತ್ತೀರಿ. ಬೆರಳಲ್ಲಿ ಜಾರಿಕೆಯ ಜೆಲ್ (ಲೂಬ್ರಿಕೆಂಟ್) ಇದ್ದು ಪ್ಯಾಕೆಟ್ ಹರಿಯುವುದಿಲ್ಲ. ಹರಿದ ಮೇಲೆ ಕತ್ತಲಲ್ಲಿ ಯಾವ ಕಡೆ ಸುರುಳಿ ಬಿಚ್ಚುತ್ತದೆ ಗೊತ್ತಾಗುವುದಿಲ್ಲ. ಅಷ್ಟರಲ್ಲಿ ಸ್ಪರ್ಶ ನಿಂತಿದೆ, ಅವಳು ಕಾಯುತ್ತಿದ್ದಾಳೆ, ‘ಹೋದ ಸಲದ ಹಾಗೆ ಆದರೆ?’ ಎಂಬ ಯೋಚನೆ ಬಂದಾಗಿದೆ. ಆ ಯೋಚನೆಯೇ ನಿಮಿರುವಿಕೆಯನ್ನು ಇಳಿಸುತ್ತದೆ. ಇದರಲ್ಲಿ ರಬ್ಬರಿನ ಪಾಲು ಕಡಿಮೆ. ಹೀಗೆ ಎರಡು ಮೂರು ಸಲ ಆದರೆ ಪ್ಯಾಕೆಟ್ಟಿನ ಸದ್ದು ಕೇಳಿದರೇ ಸಾಕು, ದೇಹ ಆತಂಕಕ್ಕೆ ಬೀಳುತ್ತದೆ. ಕಲಿತದ್ದು ಇದು, ಆದ್ದರಿಂದ ಬೇರೆ ರೀತಿಯಲ್ಲಿ ಕಲಿಯಬಹುದು.

ಮೊದಲು ಅಳತೆ ಸರಿಮಾಡಿಕೊಳ್ಳಿ. ‘ನನಗೆ ಕಾಂಡೋಮ್ ಬಿಗಿ’ ಅನ್ನುವುದು ಜಂಬದ ಮಾತಾಗಿಬಿಟ್ಟಿದೆ, ‘ನನಗೆ ಸಡಿಲ’ ಎಂದು ಯಾವ ಗಂಡಸೂ ಹೇಳುವುದಿಲ್ಲ. ಇದರಿಂದ ಅಪಾಯವಿದೆ: ದೊಡ್ಡದು ಎಂದು ಬರೆದದ್ದನ್ನೇ ಕೊಂಡು, ಅದು ಜಾರಿಹೋಗಿ ಪೇಚಿಗೆ ಸಿಕ್ಕುವವರಿದ್ದಾರೆ. 15 ಸಾವಿರಕ್ಕೂ ಹೆಚ್ಚು ಗಂಡಸರ ಅಳತೆಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ ನಿಮಿರಿದ ಶಿಶ್ನದ ಸರಾಸರಿ ಉದ್ದ 13.12 ಸೆಂ.ಮೀ., ಸುತ್ತಳತೆ 11.66 ಸೆಂ.ಮೀ. ಸಾಮಾನ್ಯ ಕಾಂಡೋಮಿನ ಉದ್ದ 16 ಸೆಂ.ಮೀ.ಗಿಂತ ಹೆಚ್ಚಿರುತ್ತದೆ. ಹಾಗಾಗಿ ಉದ್ದದ ಚಿಂತೆ ಬಿಡಿ, ಮುಖ್ಯವಾದದ್ದು ಅಗಲ. ಪ್ಯಾಕಿನ ಮೇಲೆ 49, 53, 56 ಮಿ.ಮೀ. ಎಂದು ಬರೆದಿರುವುದು ಕಾಂಡೋಮನ್ನು ಚಪ್ಪಟೆಯಾಗಿ ಇಟ್ಟಾಗಿನ ಅಗಲ. ಕಾಗದದ ಪಟ್ಟಿಯೊಂದನ್ನು ನಿಮಿರಿದ ಶಿಶ್ನದ ನಡುಭಾಗಕ್ಕೆ ಸುತ್ತಿ ಅಳೆದುಕೊಳ್ಳಿ. ಬಂದ ಸುತ್ತಳತೆಯ ಅರ್ಧಕ್ಕಿಂತ ನಾಲ್ಕೈದು ಮಿ.ಮೀ. ಕಡಿಮೆ ಅಗಲದ್ದು ಹೆಚ್ಚಿನವರಿಗೆ ಸರಿಹೊಂದುತ್ತದೆ. ಬುಡದ ಉಂಗುರ ಚರ್ಮಕ್ಕೆ ಒತ್ತಿ ಕೆಂಪು ಗೆರೆ ಮೂಡಿಸಿ ನೋಯಿಸಿದರೆ ಒಂದು ಅಳತೆ ಮೇಲಕ್ಕೆ ಹೋಗಿ. ನಡುವೆ ನೆರಿಗೆ ಬಿದ್ದು ಮೇಲೆ ಕೆಳಗೆ ಸರಿದಾಡಿದರೆ ಒಂದು ಅಳತೆ ಕೆಳಕ್ಕೆ. ‘ನನಗೆ ಯಾವ ಅಳತೆಯೂ ಸಾಲಲ್ಲ’ ಎನ್ನುವವರಿಗೆ ಒಂದು ಸಂಗತಿ: ಲೇಟೆಕ್ಸ್ (ಸಹಜ ರಬ್ಬರ್) ಕಾಂಡೋಮಿನ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್ಒ 4074 ಪ್ರಕಾರ 53 ಮಿ.ಮೀ. ಅಗಲದ ಕಾಂಡೋಮ್ ಒಡೆಯುವ ಮುನ್ನ ಕನಿಷ್ಠ 18 ಲೀಟರ್ ಗಾಳಿ ತಡೆದುಕೊಳ್ಳಬೇಕು.

ತೆಳುವಾದದ್ದು ಬೇಕೆಂದರೆ ಲೇಟೆಕ್ಸಿನಲ್ಲೇ ತೆಳು ಬಗೆಗಳಿವೆ. ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನವು ಇನ್ನೂ ತೆಳು, ಮೈಬಿಸಿಯೂ ಚೆನ್ನಾಗಿ ದಾಟುತ್ತದೆ, ಆದರೆ ಲೇಟೆಕ್ಸಿನಷ್ಟು ಹಿಗ್ಗುವುದಿಲ್ಲ. ಅಳತೆ ತಪ್ಪಿದರೆ ಹರಿಯುವ, ಜಾರುವ ಸಂಭವ ಹೆಚ್ಚು. ಲೇಟೆಕ್ಸ್ ಹಾಕಿದಾಗ ತುರಿಕೆ, ಉರಿ ಆಗುವವರಿಗೆ ಪಾಲಿಯುರೆಥೇನ್, ಪಾಲಿಐಸೊಪ್ರೀನ್ (ಕೃತಕ ರಬ್ಬರ್) ಎರಡೂ ಆದೀತು. ತುದಿಯ ಬಳಿ ಮರಗಟ್ಟಿಸುವ ಔಷಧ ಲೇಪಿಸಿದವು ನಿಮಗೆ ಬೇಡ. ಅವು ಶೀಘ್ರಸ್ಖಲನ ಇರುವವರಿಗೆ ಮಾಡಿದವು. ನಿಮ್ಮ ತೊಂದರೆ ಉಲ್ಟಾ.

ಇನ್ನು ಅಭ್ಯಾಸ. ಇದನ್ನು ಓದುವಾಗ ಮುಜುಗರ ಆಗಬಹುದು, ಆದರೂ ಮಾಡಿ. ನಾನು ಕೊಡುವ ಸಲಹೆಗಳಲ್ಲಿ ನನಗೆ ಅತಿ ಹೆಚ್ಚು ನಂಬಿಕೆ ಇರುವುದು ಇದರ ಮೇಲೆಯೇ. ಎರಡು ವಾರದಲ್ಲಿ ಕನಿಷ್ಠ ಆರು ಸಲ, ಒಬ್ಬರೇ ಇರುವಾಗ, ಅವಸರವಿಲ್ಲದ ಹೊತ್ತಿನಲ್ಲಿ ಕಾಂಡೋಮ್ ಹಾಕಿಕೊಂಡು ಹಸ್ತಮೈಥುನ ಮಾಡಿಕೊಳ್ಳಿ. ಮೂರು ನಾಲ್ಕು ಬಗೆಯವನ್ನು ತಂದಿಟ್ಟುಕೊಂಡು ಒಂದೊಂದು ಸಲಕ್ಕೆ ಒಂದೊಂದು. ಮೊದಲ ಎರಡು ಸಲ ಬೆಳಕಿನಲ್ಲಿ, ಹಾಕುವ ಕ್ರಮ ಕೈಗೆ ರೂಢಿಯಾಗಲು. ಆಮೇಲೆ ಮಂದ ಬೆಳಕಿನಲ್ಲಿ, ಕೊನೆಗೆ ಕತ್ತಲಲ್ಲಿ. ಒಂದು ಸಲ ಬೇಕೆಂದೇ ಮಧ್ಯೆ ನಿಲ್ಲಿಸಿ, ನಿಮಿರುವಿಕೆ ಪೂರ್ತಿ ಇಳಿಯಲು ಬಿಡಿ. ಕಾಂಡೋಮ್ ತೆಗೆದುಹಾಕಿ, ಮತ್ತೆ ಉದ್ರೇಕವಾದ ಮೇಲೆ ಹೊಸದು ಹಾಕಿ. ಇಳಿದದ್ದು ಮತ್ತೆ ಏರುತ್ತದೆ ಎಂದು ಕಣ್ಣಾರೆ ಕಂಡರೆ ಭಯದ ಬೇರು ಅರ್ಧ ಅಲ್ಲಾಡುತ್ತದೆ. ಯಾವ ಬಗೆಯಲ್ಲಿ ಹೇಗನ್ನಿಸಿತು ಎಂಬುದಕ್ಕೆ ಗಮನ ಕೊಡಿ, ಎಷ್ಟು ಹೊತ್ತು ನಿಂತಿತು ಎಂಬ ಲೆಕ್ಕ ಬೇಡ. ಅಮೆರಿಕ, ಬ್ರಿಟನ್ನಿನ ಸಂಶೋಧಕರು ಇಂಥ ಮನೆ ಅಭ್ಯಾಸವನ್ನೇ ಕ್ರಮಬದ್ಧವಾಗಿ ಯುವಕರಿಗೆ ಕೊಟ್ಟು ನೋಡಿದ್ದಾರೆ. ಉಪದೇಶ ಮಾಡದೆ ಕೈಗೆ ಕೌಶಲ ಕೊಡುವ ದಾರಿ ಅದು.

ಹಾಕುವ ಕ್ರಮ ಹೀಗೆ. ದಿನಾಂಕ ಮೀರಿಲ್ಲವೆಂದು ನೋಡಿ, ಪ್ಯಾಕೆಟ್ಟನ್ನು ಬೆರಳಿನಿಂದ ಒತ್ತಿ. ಒಳಗೆ ಗಾಳಿಯ ದಿಂಬು ಸಿಕ್ಕಬೇಕು, ಸಿಗದಿದ್ದರೆ ಅದು ತೂತಾಗಿದೆ. ಕಾಂಡೋಮನ್ನು ಒಂದು ಬದಿಗೆ ಸರಿಸಿ ಇನ್ನೊಂದು ಬದಿಯ ಹಲ್ಲಿನಂಚಿನಲ್ಲಿ ಕೈಯಿಂದಲೇ ಹರಿಯಿರಿ. ಬಾಯಿಂದ, ಕತ್ತರಿಯಿಂದ ಬೇಡ. ಹೊರಗೆ ತೆಗೆದಾಗ ಸುರುಳಿಯ ಅಂಚು ಹೊರಮುಖವಾಗಿದ್ದು ಟೋಪಿಯಂತೆ ಕಾಣಬೇಕು. ತಲೆಕೆಳಗಾಗಿ ಇಟ್ಟು ತುದಿಗೆ ತಾಗಿಸಿಬಿಟ್ಟರೆ ತಿರುಗಿಸಿ ಹಾಕಬೇಡಿ, ಬಿಸಾಡಿ ಹೊಸದು ತೆಗೆಯಿರಿ. ಸ್ಖಲನಕ್ಕೆ ಮೊದಲೇ ಬರುವ ದ್ರವ ಹೊರಮೈಗೆ ತಾಗಿರುತ್ತದೆ. ಮುಂದೊಗಲಿದ್ದರೆ ಹಿಂದೆ ಸರಿಸಿ. ಒಳತುದಿಗೆ ಒಂದೇ ಹನಿ ಜೆಲ್ ಬಿಡಿ. ಸ್ಪರ್ಶದ ದೂರಿಗೆ ಇಷ್ಟು ಸುಲಭದ ಮದ್ದು ಇನ್ನೊಂದಿಲ್ಲ, ಆದರೆ ಒಂದಕ್ಕಿಂತ ಹೆಚ್ಚು ಹನಿ ಹಾಕಿದರೆ ಕಾಂಡೋಮ್ ಜಾರುತ್ತದೆ. ತುದಿಯನ್ನು ಎರಡು ಬೆರಳಲ್ಲಿ ಹಿಚುಕಿ ಹಿಡಿದು ಗಾಳಿ ತೆಗೆದು, ಇನ್ನೊಂದು ಕೈಯಿಂದ ಬುಡದವರೆಗೆ ಬಿಚ್ಚಿ. ಹೊರಮೈಗೆ ಜೆಲ್ ಧಾರಾಳವಾಗಿ ಇರಲಿ. ಸ್ಖಲನವಾದ ಮೇಲೆ ಮೆತ್ತಗಾಗುವ ಮೊದಲೇ ಬುಡದ ಉಂಗುರವನ್ನು ಹಿಡಿದುಕೊಂಡು ಹೊರಗೆ ತೆಗೆಯಬೇಕು.

ಒಡೆಯುವುದಕ್ಕೂ ಜಾರುವುದಕ್ಕೂ ಕಾರಣಗಳು ಬೇರೆ. ತುದಿಯಲ್ಲಿ ಗಾಳಿ ಉಳಿದಿದ್ದರೆ, ಒಣಗಿ ಉಜ್ಜಿದರೆ, ಉಗುರು ತಾಗಿದ್ದರೆ ಒಡೆಯುತ್ತದೆ. ಎಣ್ಣೆ, ವ್ಯಾಸಲೀನ್, ಮೈಗೆ ಹಚ್ಚುವ ಲೋಷನ್ ಲೇಟೆಕ್ಸಿಗೆ ವಿಷವಿದ್ದಂತೆ. ಪ್ರಯೋಗಾಲಯದಲ್ಲಿ ಖನಿಜ ತೈಲ ತಾಗಿಸಿದ 60 ಸೆಕೆಂಡಿನಲ್ಲೇ ಅದರ ಬಲ ಸುಮಾರು ಶೇ 90ರಷ್ಟು ಕುಸಿದದ್ದು ದಾಖಲಾಗಿದೆ. ನೀರಿನ ಆಧಾರದ್ದೋ ಸಿಲಿಕಾನಿನದ್ದೋ ಜೆಲ್ ಮಾತ್ರ ಬಳಸಿ. ಗುದ ಸಂಭೋಗದಲ್ಲಿ ಸಹಜ ತೇವ ಇರುವುದಿಲ್ಲವಾದ್ದರಿಂದ ಜೆಲ್ ಬೇಕೇ ಬೇಕು. ಅಳತೆ ಸಡಿಲವಿದ್ದರೆ, ಮಧ್ಯೆ ನಿಮಿರುವಿಕೆ ಇಳಿದರೆ, ಮುಗಿದ ಮೇಲೆ ತಡಮಾಡಿದರೆ ಜಾರುತ್ತದೆ. ಪರ್ಸಿನಲ್ಲಿ ತಿಂಗಳುಗಟ್ಟಲೆ ಇಟ್ಟದ್ದು ಬಿಸಿ, ಒತ್ತಡಕ್ಕೆ ಹಾಳಾಗುತ್ತದೆ. ಒಂದರ ಮೇಲೊಂದು ಎರಡು ಹಾಕುವುದೂ ಬೇಡ.

‘ಹೇಗಿದ್ದರೂ ಕಾಂಡೋಮ್ ನಂಬುವಂತಿಲ್ಲ’ ಎಂದು ಗೆಳೆಯರು ಹೇಳಿರಬಹುದು. ಪ್ರತಿ ಸಲವೂ ಸರಿಯಾಗಿ ಬಳಸಿದ 100 ಜೋಡಿಗಳಲ್ಲಿ ವರ್ಷಕ್ಕೆ ಸುಮಾರು 2 ಬಸಿರು. ಜನ ವಾಸ್ತವದಲ್ಲಿ ಬಳಸುವ ರೀತಿಯಲ್ಲಿ, ಅಂದರೆ ಒಮ್ಮೊಮ್ಮೆ ಮರೆತು, ಒಮ್ಮೊಮ್ಮೆ ಅರ್ಧಕ್ಕೆ ಹಾಕಿ ಬಳಸಿದರೆ ಸುಮಾರು 13. ನಡುವಿನ 11ರ ವ್ಯತ್ಯಾಸ ಬಹುಪಾಲು ಬಳಸುವ ಕೈಗಳದ್ದು. ಅದರಲ್ಲೂ ಹೆಚ್ಚು ಕಾಣುವ ತಪ್ಪು, ಸ್ವಲ್ಪ ಹೊತ್ತು ಹಾಗೇ ಇದ್ದು ಸ್ಖಲನ ಹತ್ತಿರ ಬಂದಾಗ ಹಾಕಿಕೊಳ್ಳುವುದು. ‘ನನಗೆ ಕಂಟ್ರೋಲ್ ಇದೆ’ ಎಂಬ ಗಂಡಸಿನ ಹೆಮ್ಮೆ ಇಲ್ಲಿ ನೇರವಾಗಿ ಕೆಲಸ ಮಾಡುತ್ತದೆ. ಸ್ಖಲನಕ್ಕೆ ಮೊದಲು ಹೊರತೆಗೆಯುವುದನ್ನೇ ನೆಚ್ಚಿಕೊಂಡ 100 ಜೋಡಿಗಳಲ್ಲಿ ವರ್ಷಕ್ಕೆ ಸುಮಾರು 20 ಬಸಿರು, ಸೋಂಕಿನಿಂದಂತೂ ರಕ್ಷಣೆಯೇ ಇಲ್ಲ.

ಅವಳ ಜೊತೆಗಿನ ಮಾತಿಗೆ ಬರೋಣ. ‘ನಂಬಿಕೆ ಇಲ್ವಾ?’ ಎಂಬ ನಿಮ್ಮ ಪ್ರಶ್ನೆ ಎರಡು ಬೇರೆ ವಿಷಯಗಳನ್ನು ಒಂದು ಮಾಡುತ್ತದೆ. ನಿಮ್ಮ ನಡತೆ ಒಂದು, ನಿಮ್ಮ ದೇಹದಲ್ಲಿ ಏನಿದೆ ಎಂಬುದು ಇನ್ನೊಂದು. ಎರಡನೆಯದು ನಿಮಗೇ ಗೊತ್ತಿಲ್ಲ. ಕ್ಲಮೈಡಿಯಾ ಎಂಬ ಲೈಂಗಿಕ ಸೋಂಕು ತಗುಲಿದ ಗಂಡಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಯಾವ ಲಕ್ಷಣವೂ ಇರುವುದಿಲ್ಲ, ಹೆಂಗಸರಲ್ಲಿ ಬಹುಪಾಲು ಮಂದಿಗೆ ಇರುವುದಿಲ್ಲ. ಆದರೂ ಅದು ಅವರ ಗರ್ಭನಾಳಗಳನ್ನು ಕೆಡಿಸಬಲ್ಲದು. ಸಿಫಿಲಿಸ್ ಎಂಬ ಇನ್ನೊಂದು ಸೋಂಕಿನ ಮೊದಲ ಹುಣ್ಣು ನೋಯುವುದಿಲ್ಲ, ತಾನಾಗಿಯೇ ಮಾಯುತ್ತದೆ. ಎಷ್ಟೇ ಒಳ್ಳೆಯವನಾದರೂ ಹಳೆಯ ಸೋಂಕೊಂದನ್ನು ಹೊತ್ತು ತಿರುಗುತ್ತಿರಬಹುದು.

ಈ ಮಾತು ಬಟ್ಟೆ ಕಳಚುವ ಮೊದಲು, ಹಾಸಿಗೆಯ ಹೊರಗೆ ಆಗಬೇಕು. ಉದ್ದ ಭಾಷಣ ಬೇಡ. ‘ಇಷ್ಟು ದಿನ ಸುಳ್ಳು ಹೇಳಿದೆ. ಫೀಲ್ ವಿಷಯ ಅಲ್ಲ, ಹಾಕಿದ ತಕ್ಷಣ ಇಳಿದುಹೋಗುತ್ತೆ, ಅದಕ್ಕೆ ನಾಚಿಕೆ. ಇನ್ನು ಮೇಲೆ ಹಾಕ್ತೀನಿ. ಇಳಿದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡೋಣ.’ ಇಷ್ಟು ಸಾಕು. ಹೇಳಿಬಿಟ್ಟ ಮೇಲೆ ಬಚ್ಚಿಡಲು ಏನೂ ಉಳಿಯುವುದಿಲ್ಲ, ಆತಂಕದ ಕಾವೂ ತಗ್ಗುತ್ತದೆ. ಪ್ಯಾಕೆಟ್ಟನ್ನು ಮೊದಲೇ ಕೈಗೆಟುಕುವಲ್ಲಿ ಇಡಿ, ಜೊತೆಗೆ ಎರಡನೆಯದೊಂದು ಇರಲಿ. ಅವಳಿಗೆ ಒಪ್ಪಿಗೆಯಿದ್ದರೆ ಅವಳೇ ಹಾಕಲಿ, ಸ್ಪರ್ಶ ನಿಲ್ಲುವುದಿಲ್ಲ. ಇಳಿದಾಗ ‘ಏನಾಯ್ತೋ ಗೊತ್ತಿಲ್ಲ’ ಎಂದು ಮುಖ ತಿರುಗಿಸಬೇಡಿ. ಮುತ್ತು, ಕೈ, ಮಾತು, ಯಾವುದು ಹಿತವೋ ಅದು ಮುಂದುವರಿಯಲಿ. ಸಂಗಾತಿ ಗಂಡಾಗಿದ್ದರೂ ಈ ಮಾತುಗಳೇ ಅನ್ವಯಿಸುತ್ತವೆ. ಅಲ್ಲಿ ಇಬ್ಬರ ತಲೆಯಲ್ಲೂ ಅದೇ ಕಟ್ಟಳೆ ಕೂತಿರುವ ಸಾಧ್ಯತೆ ಇನ್ನೂ ಹೆಚ್ಚು.

ಒಂದು ವಿಷಯದಲ್ಲಿ ರಾಜಿ ಇಲ್ಲ. ಹಾಕಿಕೊಂಡದ್ದನ್ನು ಅವಳಿಗೆ ತಿಳಿಯದಂತೆ ಮಧ್ಯೆ ತೆಗೆಯುವುದು ತುಂಟತನವಲ್ಲ, ಅವಳ ಒಪ್ಪಿಗೆಯನ್ನು ಮುರಿಯುವ ಕೃತ್ಯ. ಕಾಂಡೋಮ್ ಹಾಕಬೇಕೆಂಬ ಷರತ್ತಿನ ಮೇಲೆ ಒಪ್ಪಿದವಳು ಅದಿಲ್ಲದ ಸಂಭೋಗಕ್ಕೆ ಒಪ್ಪಿದಂತಲ್ಲ ಎಂದು ಕೆನಡಾದ ಸುಪ್ರೀಂ ಕೋರ್ಟ್ 2022ರಲ್ಲಿ ತೀರ್ಪು ಕೊಟ್ಟಿದೆ.

ಗೆಳೆಯರ ಮಾತಿಗೆ ಹೆಚ್ಚು ಜಾಗ ಕೊಡುವುದಿಲ್ಲ. ಗುಂಪಿನಲ್ಲಿ ಹೇಳುವುದೂ ಕೋಣೆಯಲ್ಲಿ ಮಾಡುವುದೂ ಒಂದೇ ಎಂದು ನಂಬಬೇಡಿ. ನೀವೂ ಅಲ್ಲಿ ನಿಜ ಹೇಳಿಲ್ಲವಲ್ಲ. ಆದರೆ ಗುಂಪಿಗೆ ಒಳ್ಳೆಯದು ಮಾಡುವ ಶಕ್ತಿಯೂ ಇದೆ. ಬ್ರೆಜಿಲಿನಲ್ಲಿ 1999ರಲ್ಲಿ ಆರಂಭವಾದ ‘ಪ್ರೋಗ್ರಾಂ ಎಚ್’ನಲ್ಲಿ ಯುವಕರನ್ನು ಗುಂಪಾಗಿ ಕೂರಿಸಿ ಗಂಡಸುತನದ ಬಗ್ಗೆಯೇ ಮಾತಾಡಿಸಿದರು. ಹಳೆಯ ಕಟ್ಟಳೆಯ ಹಿಡಿತ ಸಡಿಲಿದವರಲ್ಲಿ ಸೋಂಕಿನ ಲಕ್ಷಣಗಳ ದೂರು ಕಡಿಮೆಯಾದದ್ದು ಮೌಲ್ಯಮಾಪನದಲ್ಲಿ ಕಂಡುಬಂತು. ಗುಂಪಿನಲ್ಲಿ ಒಬ್ಬನಾದರೂ ‘ನಾನು ಬಳಸ್ತೀನಪ್ಪ’ ಎಂದು ಸಹಜವಾಗಿ ಹೇಳಿದರೆ ಉಳಿದವರಿಗೆ ಉಸಿರಾಡಲು ಜಾಗ ಸಿಗುತ್ತದೆ.

ಕಾಂಡೋಮ್ ಒಡೆದುಹೋದರೆ ಏನು ಮಾಡಬೇಕು ಎಂಬುದೂ ಇಬ್ಬರಿಗೂ ಮೊದಲೇ ಗೊತ್ತಿರಲಿ. ಬಸಿರು ತಡೆಯಲು ಲೆವೊನೋರ್ಜೆಸ್ಟ್ರೆಲ್ 1.5 ಮಿ.ಗ್ರಾಂ. ಮಾತ್ರೆಯನ್ನು 72 ಗಂಟೆಯೊಳಗೆ, ಆದಷ್ಟು ಬೇಗ ಅವಳು ತೆಗೆದುಕೊಳ್ಳಬೇಕು. ಯುಲಿಪ್ರಿಸ್ಟಾಲ್ ಮಾತ್ರೆಗೆ 120 ಗಂಟೆ ಅವಕಾಶವಿದೆ. 5 ದಿನದೊಳಗೆ ಕಾಪರ್-ಟಿ ಹಾಕಿಸಿದರೆ ಅದು ಎಲ್ಲಕ್ಕಿಂತ ಪರಿಣಾಮಕಾರಿ. ಎಚ್‌ಐವಿ ಅಪಾಯ ಇದ್ದರೆ ತಡೆಗಟ್ಟುವ ಔಷಧವನ್ನು 72 ಗಂಟೆಯೊಳಗೆ ಶುರುಮಾಡಿ 28 ದಿನ ತೆಗೆದುಕೊಳ್ಳಬೇಕು. ಯೋನಿಯನ್ನು ಒಳಗೆ ತೊಳೆಯುವುದರಿಂದ ಪ್ರಯೋಜನವಿಲ್ಲ.

ದೇಹವೋ ತಲೆಯೋ ಎಂದು ಕೇಳಿದ್ದಿರಿ. ಬೆಳಿಗ್ಗೆ ಏಳುವಾಗ, ಒಬ್ಬರೇ ಇರುವಾಗ ನಿಮಿರುವಿಕೆ ಚೆನ್ನಾಗಿದ್ದು ಕಾಂಡೋಮ್ ಹಾಕುವಾಗ ಮಾತ್ರ ಇಳಿಯುತ್ತಿದ್ದರೆ ರಕ್ತನಾಳ, ನರಗಳು ಸರಿಯಾಗಿವೆ ಎಂದೇ ಹೆಚ್ಚಾಗಿ ಅರ್ಥ. ಅಭ್ಯಾಸದಿಂದ ಸರಿಹೋಗುತ್ತದೆ. ಬೆಳಗಿನದ್ದೂ ಕಡಿಮೆಯಾಗಿದ್ದರೆ, ಕಾಂಡೋಮ್ ಇಲ್ಲದಾಗಲೂ ತೊಂದರೆ ಮೂರು ತಿಂಗಳಿಗೂ ಹೆಚ್ಚು ಇದ್ದರೆ ವೈದ್ಯರನ್ನು ಕಾಣಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಧೂಮಪಾನದ ಹಾನಿ ಮೊದಲು ಕಾಣಿಸಿಕೊಳ್ಳುವುದು ಕೆಲವೊಮ್ಮೆ ಇಲ್ಲೇ. ಗೆಳೆಯ ಕೊಟ್ಟ ಮಾತ್ರೆಯನ್ನು ನುಂಗಬೇಡಿ. ಎದೆನೋವಿಗೆ ನೈಟ್ರೇಟ್ ಔಷಧ ತೆಗೆದುಕೊಳ್ಳುವವರಿಗೆ ಸಿಲ್ಡೆನಾಫಿಲ್ (ವಯಾಗ್ರದ ಔಷಧ) ಪ್ರಾಣಾಪಾಯ ತರಬಲ್ಲದು.

ಕೊನೆಯದಾಗಿ ಆ ಪರೀಕ್ಷೆ. ಎಚ್‌ಐವಿ ಮತ್ತು ಸಿಫಿಲಿಸ್‌ಗೆ ರಕ್ತ, ಹೆಪಟೈಟಿಸ್ ಬಿ ಕೂಡ ಅದೇ ರಕ್ತದಲ್ಲಿ. ಕ್ಲಮೈಡಿಯಾ, ಗೊನೋರಿಯಾಕ್ಕೆ ಮೂತ್ರ: ಒಂದು ಗಂಟೆ ಮೂತ್ರ ಮಾಡದೆ ಇದ್ದು, ಮೊದಲು ಬರುವ 20–30 ಮಿ.ಲೀ. ಮಾತ್ರ ಬಾಟಲಿಗೆ ಹಿಡಿಯಬೇಕು. ಕೊನೆಯ ಅಪಾಯದ ಸಂಪರ್ಕದಿಂದ ಮೂತ್ರ ಪರೀಕ್ಷೆಗೆ 2 ವಾರ, ಪ್ರಯೋಗಾಲಯದ ಎಚ್‌ಐವಿ ಆ್ಯಂಟಿಜೆನ್-ಆ್ಯಂಟಿಬಾಡಿ ಪರೀಕ್ಷೆಗೆ 45 ದಿನ, ಸಿಫಿಲಿಸ್‌ಗೆ 90 ದಿನ ಆಗಿದ್ದರೆ ಫಲಿತಾಂಶವನ್ನು ಪೂರ್ತಿ ನಂಬಬಹುದು. ಏನಾದರೂ ಬಂದರೆ? ಕ್ಲಮೈಡಿಯಾಕ್ಕೆ 7 ದಿನದ ಡಾಕ್ಸಿಸೈಕ್ಲಿನ್, ಆರಂಭದ ಸಿಫಿಲಿಸ್‌ಗೆ ಒಂದು ಸಲದ ಪೆನಿಸಿಲಿನ್ ಚುಚ್ಚುಮದ್ದು. ಎಚ್‌ಐವಿ ಇದ್ದರೂ ದಿನವೂ ಔಷಧ ತೆಗೆದುಕೊಂಡು ವೈರಸ್ ಪರೀಕ್ಷೆಗೆ ಸಿಗದಷ್ಟು ತಗ್ಗಿದರೆ ಸಂಭೋಗದಿಂದ ಸಂಗಾತಿಗೆ ಹರಡುವುದಿಲ್ಲ. ಕಾಂಡೋಮ್ ಬಿಡುವ ಯೋಚನೆ ಇಬ್ಬರಿಗೂ ಇದ್ದರೆ, ಇಬ್ಬರ ವರದಿಯೂ ಕೈಗೆ ಬಂದು, ಬಸಿರು ತಡೆಯಲು ಬೇರೆ ದಾರಿ ನಿಶ್ಚಯವಾದ ಮೇಲಷ್ಟೇ ಬಿಡಿ. ಕ್ಲಿನಿಕ್ಕಿನಲ್ಲಿ ಕಥೆ ಹೇಳಬೇಕಾಗಿಲ್ಲ. ‘ಲೈಂಗಿಕ ಸೋಂಕುಗಳ ಪೂರ್ತಿ ಪರೀಕ್ಷೆ ಮಾಡಿಸಬೇಕು’ ಎಂದರೆ ಸಾಕು. ಅಲ್ಲಿರುವವರು ಈ ವಾಕ್ಯವನ್ನು ದಿನವೂ ಕೇಳುತ್ತಾರೆ.